ಹೊಸ ಕಾರು, ಹಳೆ ಕಾರು: ಕೋಲಾರ ಸೀಮೆಯ ಲೆಕ್ಕ

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದು ಮಂಡಿಗಳು ಖಾಲಿಯಾಗುವ ಹೊತ್ತಿಗೆ ಬೆಳೆಗಾರರ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಯಲ್ಲಿ ಅದೇ ಮಾತು ಬೋನಸ್ ಬಂದಾಗ ಏಳುತ್ತದೆ. ಒಬ್ಬರಿಗೆ ದುಡ್ಡು ವರ್ಷಕ್ಕೊಮ್ಮೆ ಗಂಟಾಗಿ ಬರುತ್ತದೆ, ಇನ್ನೊಬ್ಬರಿಗೆ ತಿಂಗಳಿಗೊಮ್ಮೆ ಅಳತೆಯಾಗಿ. ಆದರೆ ಇಬ್ಬರೂ ಕೇಳುವ ಸಲಹೆ ಒಂದೇ, ನಂಬುವ ಮಾತುಗಳೂ ಅವೇ. ಆ ಮಾತುಗಳಲ್ಲಿ ಹಲವು ತಪ್ಪು. ಅವನ್ನು ನಂಬಿ ಕಷ್ಟದ ದುಡ್ಡು ಕಳೆದುಕೊಂಡ ಮನೆಗಳು ನಮ್ಮ ಆರೂ ತಾಲ್ಲೂಕಿನಲ್ಲಿವೆ.

ಮೊದಲನೆಯ ನಂಬಿಕೆ ಕಂತಿನದು. "ಸೆಕೆಂಡ್ ಹ್ಯಾಂಡ್ ತಗೊಂಡ್ರೆ ತಿಂಗಳ ಕಂತು ಹಗುರ" ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಹೊಸ ಕಾರಿಗೆ 5 ಲಕ್ಷ ಸಾಲ, ಬಡ್ಡಿ ಶೇ 9, ಅವಧಿ 7 ವರ್ಷ ಎಂದಿಟ್ಟುಕೊಳ್ಳಿ. ಕಂತು ಸುಮಾರು 8,045 ರೂಪಾಯಿ. ಹಳೆ ಕಾರಿಗೆ 3 ಲಕ್ಷ ಸಾಲ, ಬಡ್ಡಿ ಶೇ 14, ಅವಧಿ 4 ವರ್ಷ. ಕಂತು ಸುಮಾರು 8,200 ರೂಪಾಯಿ. ಎರಡು ಲಕ್ಷ ಕಡಿಮೆ ಸಾಲ ಮಾಡಿದವರ ಕಂತೇ ಹೆಚ್ಚಾಯಿತು! ಹಳೆ ಗಾಡಿಯ ಸಾಲಕ್ಕೆ ಬಡ್ಡಿ ಜಾಸ್ತಿ, ಗಾಡಿ ಹಳೆಯದಾದಷ್ಟೂ ಅವಧಿ ಚಿಕ್ಕದು. ಅದಕ್ಕೇ ಹೀಗಾಗುತ್ತದೆ.

ಇದನ್ನು ನೋಡಿ "ಹಾಗಾದರೆ ಹೊಸದೇ ಅಗ್ಗ" ಎಂದುಕೊಂಡರೆ ಅದು ಎರಡನೆಯ ತಪ್ಪು. ಶೋರೂಮಿನಲ್ಲಿ ನಮ್ಮನ್ನು ಎಳೆದುಕೊಂಡು ಹೋಗುವುದು ಈ ಎರಡನೆಯ ತಪ್ಪಿನ ಕಡೆಗೇ. ಒಟ್ಟು ಕಟ್ಟುವ ಹಣ ಹೊಸದಕ್ಕೆ 6.76 ಲಕ್ಷ, ಹಳೆಯದಕ್ಕೆ 3.94 ಲಕ್ಷ. ಒಂದರಲ್ಲಿ ಬಡ್ಡಿಯೇ 1.76 ಲಕ್ಷ, ಇನ್ನೊಂದರಲ್ಲಿ 94 ಸಾವಿರ. ಐದನೆಯ ವರ್ಷ ಮಳೆ ಕೈಕೊಟ್ಟರೆ, ಇಲ್ಲವೇ ಗುತ್ತಿಗೆ ಕೆಲಸ ಮುಗಿದರೆ, ಹಳೆ ಗಾಡಿಯವರ ಮೇಲೆ ಸಾಲವಿಲ್ಲ. ಹೊಸ ಗಾಡಿಯವರಿಗೆ ಇನ್ನೂ ಎರಡು ವರ್ಷಕ್ಕೂ ಮಿಕ್ಕಿದ ಕಂತು ಬಾಕಿ. ತಿಂಗಳ ಕಂತಿನ ಅಂಕಿಯನ್ನು ಬೇಕಾದಷ್ಟು ಇಳಿಸಬಹುದು, ಅವಧಿ ಎಳೆದರೆ ಸಾಕು.

ಬಡ್ಡಿಯ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಊರಿನ ಫೈನಾನ್ಸ್‌ಗಳಲ್ಲಿ "ಫ್ಲ್ಯಾಟ್ ಹತ್ತು ಪರ್ಸೆಂಟ್" ಎಂದಾಗ ಬ್ಯಾಂಕಿನ ಶೇ 14ಕ್ಕಿಂತ ಅಗ್ಗ ಅನ್ನಿಸುತ್ತದೆ. ಅಲ್ಲ. ಫ್ಲ್ಯಾಟ್ ಎಂದರೆ ಅಸಲು ತೀರುತ್ತಾ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ 3 ಲಕ್ಷಕ್ಕೇ ಬಡ್ಡಿ. ನಾಲ್ಕು ವರ್ಷಕ್ಕೆ ಬಡ್ಡಿ 1.2 ಲಕ್ಷ, ಕಂತು 8,750. ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಇದು ಶೇ 17.6ರ ಹತ್ತಿರ. ಕೈಬದಲು ತರುವ "ಎರಡು ರೂಪಾಯಿ ಬಡ್ಡಿ" ವರ್ಷಕ್ಕೆ ಶೇ 24. ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳು ಸಾಲ ಕೊಡುವ ಮುನ್ನ ಎಲ್ಲ ಖರ್ಚೂ ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಅದರ ಹೆಸರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. ಸಹಿ ಹಾಕುವ ಮೊದಲು ಆ ಹಾಳೆ ಕೇಳಿ ಪಡೆಯಿರಿ. ಬೇಸಾಯದವರು ಇನ್ನೊಂದು ಮಾತನ್ನೂ ಕೇಳಬೇಕು: ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಅವಕಾಶ ಟ್ರ್ಯಾಕ್ಟರ್ ಸಾಲಕ್ಕಷ್ಟೇ ಅಲ್ಲ, ಕೆಲವೆಡೆ ಕಾರಿನ ಸಾಲಕ್ಕೂ ಇದೆ. ಹಾಲಿನ ಬಟವಾಡೆಯ ಹಣದಲ್ಲಿ ಕಾರಿನ ಕಂತು ಕಟ್ಟಿ, ಹಸುವಿನ ಬೂಸಾಕ್ಕೆ ಸಾಲ ಮಾಡುವ ಸ್ಥಿತಿ ಯಾರಿಗೂ ಬೇಡ.

"ಶೋರೂಮ್ ರೇಟು ಆರು ಲಕ್ಷ, ಅಷ್ಟರಲ್ಲಿ ಬಂದ್ಬಿಡುತ್ತೆ" ಎನ್ನುವುದು ಇನ್ನೊಂದು ನಂಬಿಕೆ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, ಐದರಿಂದ ಹತ್ತು ಲಕ್ಷಕ್ಕೆ ಶೇ 14, ಹತ್ತರಿಂದ ಇಪ್ಪತ್ತಕ್ಕೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಆರು ಲಕ್ಷದ ಗಾಡಿಗೆ ತೆರಿಗೆ 84,000, ಸೆಸ್ 9,240, ಎರಡೂ ಸೇರಿ 93 ಸಾವಿರ ದಾಟುತ್ತದೆ. ಜೊತೆಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಕಟ್ಟಬೇಕು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯ. ಈ ಹಣ ಗಾಡಿ ಶೋರೂಮಿನ ಗೇಟು ದಾಟುವ ಮೊದಲೇ ಹೋಯಿತು, ಮಾರುವಾಗ ಹಿಂದೆ ಬರುವುದಿಲ್ಲ. ಕರ್ನಾಟಕದಲ್ಲೇ ನೋಂದಣಿಯಾದ ಹಳೆ ಗಾಡಿಗೆ ಈ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿಯಾಗಿರುತ್ತದೆ. ಹಳೆ ಗಾಡಿಯ ನಿಜವಾದ ಲಾಭ ಇರುವುದು ಇಲ್ಲಿ.

ಜಿಎಸ್‌ಟಿ ಬಗ್ಗೆ ಹಬ್ಬಿರುವ ಗೊಂದಲ ಇದಕ್ಕೆ ತದ್ವಿರುದ್ಧ: ಹಳೆ ಗಾಡಿಗೆ ಇಲ್ಲದ ತೆರಿಗೆ ಇದೆ ಎಂಬ ಭಯ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೆ ಕಾರಿಗೆ ಶೇ 18 ಎಂದು ತೀರ್ಮಾನಿಸಿದಾಗ, ಮೂರು ಲಕ್ಷದ ಗಾಡಿಗೆ 54 ಸಾವಿರ ತೆರಿಗೆ ಎಂದೇ ಸುದ್ದಿಯಾಯಿತು. ಹಾಗಲ್ಲ. ಆ ತೆರಿಗೆ ವ್ಯಾಪಾರಿಗೆ, ಅದೂ ಅವರ ಲಾಭದ ಮೇಲೆ ಮಾತ್ರ. 2.7 ಲಕ್ಷಕ್ಕೆ ಕೊಂಡು 3 ಲಕ್ಷಕ್ಕೆ ಮಾರಿದರೆ 30 ಸಾವಿರದ ಮೇಲೆ, ಅಂದರೆ 5,400 ರೂಪಾಯಿ. ಪಕ್ಕದ ಮನೆಯವರಿಂದಲೋ ನೆಂಟರಿಂದಲೋ ನೇರ ಕೊಂಡರೆ ಜಿಎಸ್‌ಟಿಯೇ ಇಲ್ಲ. "ಜಿಎಸ್‌ಟಿ ಬಂದಿದೆ, 50 ಸಾವಿರ ಸೇರಿಸಿ ಕೊಡಿ" ಎಂದರೆ ಎದ್ದು ಬನ್ನಿ.

2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರಿನ ಜಿಎಸ್‌ಟಿ ಇಳಿದಿದೆ. ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29 ಇದ್ದದ್ದು ಶೇ 18 ಆಯಿತು. ಆರು ಲಕ್ಷದ ಗಾಡಿಯ ಬೆಲೆಯಲ್ಲಿ ಸುಮಾರು 51 ಸಾವಿರ ಇಳಿಯುವ ಲೆಕ್ಕ ಇದು. ಹಾಗಾಗಿ ಮಾರುವವರು 2024ರ ಬಿಲ್ಲು ತೋರಿಸಿ "ನಾನು ಇಷ್ಟು ಕೊಟ್ಟಿದ್ದೆ" ಎಂದರೆ, ಅದೇ ಗಾಡಿ ಇವತ್ತು ಶೋರೂಮಿನಲ್ಲಿ ಎಷ್ಟು ಎಂಬಲ್ಲಿಂದ ಚೌಕಾಸಿ ಶುರು ಮಾಡಿ. ಎರಡು ವರ್ಷದ ಹಳೆ ಗಾಡಿಗೂ ಹೊಸದಕ್ಕೂ ಅಂತರ ಲಕ್ಷದೊಳಗೆ ಬಂದರೆ ಹೊಸದೇ ಸರಿ ಎಂಬುದು ನನ್ನ ಅಭಿಪ್ರಾಯ.

"ಬೆಂಗಳೂರು ಗಾಡಿ ಅಣ್ಣಾ, ಸಿಂಗಲ್ ಓನರ್, ಸಾಫ್ಟ್‌ವೇರ್‌ನವರದು." ಹೊಸಕೋಟೆ, ಕೆ.ಆರ್. ಪುರದಿಂದ ಹಿಡಿದು ಮುಳಬಾಗಿಲಿನವರೆಗೂ ಈ ಮಾತಿಗೆ ಮಾರುಹೋಗುವವರಿದ್ದಾರೆ. ನಮ್ಮ ಕೆಎ 07 ಗಾಡಿ ಹಳ್ಳಿ ರಸ್ತೆಯಲ್ಲಿ ಸವೆದದ್ದು, ನಗರದ್ದು ನಯವಾಗಿ ಓಡಿದ್ದು ಎಂಬ ನಂಬಿಕೆ. ನಗರದ ಟ್ರಾಫಿಕ್ಕಿನಲ್ಲಿ ದಿನವೂ ಎರಡು ಗಂಟೆ ಕ್ಲಚ್ಚಿನ ಮೇಲೆ ಕಾಲಿಟ್ಟ ಗಾಡಿ 30 ಸಾವಿರ ಕಿ.ಮೀ. ಓಡಿದ್ದರೂ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರ–ಬೆಂಗಳೂರು ಓಡಾಡಿದ 80 ಸಾವಿರ ಕಿ.ಮೀ. ಗಾಡಿಗಿಂತ ಹೆಚ್ಚು ಸವೆದಿರಬಹುದು. ಮೀಟರನ್ನಂತೂ ತಿರುಗಿಸಬಹುದು, ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ತಿರುಗಿಸುವುದು ಕಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಮಹದೇವಪುರದ ಕಡೆ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ನೀರಿನಲ್ಲಿ ಮುಳುಗಿದ್ದು ನೆನಪಿರಲಿ. ಅಂಥ ಗಾಡಿಯನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ದಿನವೂ ಹೊರಗೆ ಬರುವ ಭಾಗ ತೊಳೆದು ಹೊಳೆಯುತ್ತಿದ್ದು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಗೆರೆ ಇದ್ದರೆ ಆ ಗಾಡಿ ನೀರು ಕಂಡಿದೆ. ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ತುಕ್ಕು, ಮ್ಯಾಟ್ ಎತ್ತಿದರೆ ಮುಗ್ಗಲು ವಾಸನೆ: ಇವೂ ಅದನ್ನೇ ಹೇಳುತ್ತವೆ.

ನಮ್ಮೂರಿನ ಗಾಡಿಗೂ ಒಂದು ಪರೀಕ್ಷೆ ಇದೆ. ಕೋಲಾರದ ಕೊಳವೆಬಾವಿ ನೀರು ಎಷ್ಟು ಗಡಸು ಎಂದು ಒಲೆ ಮೇಲೆ ಪಾತ್ರೆ ಇಡುವ ಎಲ್ಲರಿಗೂ ಗೊತ್ತು. ಕೂಲೆಂಟ್ ದುಬಾರಿ ಎಂದು ಅದೇ ನೀರನ್ನು ರೇಡಿಯೇಟರ್‌ಗೆ ಸುರಿಯುತ್ತಾ ಬಂದಿದ್ದರೆ ಒಳಗೆಲ್ಲ ಬಿಳಿ ಪದರ ಕಟ್ಟಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ, ಮುಚ್ಚಳ ತೆಗೆಸಿ ನೋಡಿ. ಹಸಿರೋ ಕೆಂಪೋ ನೀಲಿಯೋ ಬಣ್ಣದ ತಿಳಿಯಾದ ದ್ರವ ಇರಬೇಕು. ಕೆಸರಿನ ಬಣ್ಣವಿದ್ದರೆ, ಬಾಯಂಚಿನಲ್ಲಿ ಸುಣ್ಣದಂಥ ಪುಡಿ ಹತ್ತಿದ್ದರೆ, ಮುಂದೆ ಎಂಜಿನ್ ಕಾಯುವ ಖರ್ಚು ನಿಮ್ಮದೇ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಕಚ್ಚುಗಳು ಆಳವಾಗಿ ಕಂಡರೂ ಆರು ವರ್ಷ ದಾಟಿದ ಟೈರನ್ನು ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ಈ ವ್ಯವಹಾರದಲ್ಲೇ ಅತ್ಯಂತ ಲಾಭದ ಖರ್ಚು.

ನಂಗಲಿ ದಾಟಿದರೆ ಆಂಧ್ರ, ಮಾಲೂರಿನಿಂದ ಹೊಸೂರು ಹತ್ತಿರ. ನೆಂಟಸ್ತನ ಎಲ್ಲ ಕಡೆಯೂ ಇದೆ. ಹಾಗಾಗಿ "ಆ ಕಡೆ ಗಾಡಿ ಅಗ್ಗ" ಎಂಬ ಮಾತು ಇಲ್ಲಿ ಬಲವಾಗಿದೆ. ಬೆಲೆ ಕಡಿಮೆ ಇರಬಹುದು, ಆದರೆ ಅದು ಇಲ್ಲಿಯ ಬೆಲೆ ಆಗುವುದು ತೆರಿಗೆ ಕಟ್ಟಿದ ಮೇಲೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಂಡರೆ ನೋಂದಣಿ ಬದಲಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಆಗ ಕರ್ನಾಟಕದ ಜೀವಿತಾವಧಿ ತೆರಿಗೆ ಮತ್ತೆ ಬೀಳುತ್ತದೆ. ಗಾಡಿಯ ವಯಸ್ಸಿಗೆ ತಕ್ಕಂತೆ ಅದು ಕಡಿಮೆಯಾಗುತ್ತದೆ, ನಿಜ, ಆದರೆ ಲೆಕ್ಕ ಹಿಡಿಯುವುದು ಗಾಡಿ ಹೊಸದಾಗಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಆ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಸಾಲ ಇದ್ದರೆ ಬ್ಯಾಂಕಿನ ಪತ್ರವೂ ಬೇಕು. ಎನ್‌ಒಸಿ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡುವ ಮಾತೇ ಬೇಡ.

"ಹಳೇ ಗಾಡಿ ತಗಡು ದಪ್ಪ, ಗುದ್ದಿದರೂ ಏನೂ ಆಗಲ್ಲ." ಈ ನಂಬಿಕೆ ಬೇರೆಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಇದರಲ್ಲಿ ಹೋಗುವುದು ದುಡ್ಡಲ್ಲ. ಜೀವ ಉಳಿಸುವುದು ಹೊರಗಿನ ತಗಡಲ್ಲ, ಒಳಗಿನ ಚೌಕಟ್ಟು, ಬೆಲ್ಟು, ಏರ್‌ಬ್ಯಾಗು. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಅದರಲ್ಲಿದ್ದ ಫೋಕ್ಸ್‌ವ್ಯಾಗನ್ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಸಿಕ್ಕಿತು. ಎಲ್ಲ ಕಾರುಗಳಿಗೂ ಮುಂದಿನ ಮತ್ತು ಪಕ್ಕದ ಡಿಕ್ಕಿಯ ಪರೀಕ್ಷೆ ಕಡ್ಡಾಯವಾದದ್ದು 2019ರ ಅಕ್ಟೋಬರ್‌ನಲ್ಲಿ. ಚಾಲಕರ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಿಂದ, ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ 2021ರ ಕೊನೆಯಿಂದ. ಹೆದ್ದಾರಿಯಲ್ಲಿ ದಿನವೂ ಓಡಾಡುವವರು, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು, ಹಳೆ ಗಾಡಿ ಕೊಂಡರೂ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವುದನ್ನೇ ಕೊಳ್ಳಬೇಕು. ಇಲ್ಲಿ ಐವತ್ತು ಸಾವಿರ ಉಳಿಸಬೇಡಿ.

ಎಷ್ಟು ಓಡಿಸುತ್ತೀರಿ ಎಂಬುದನ್ನು ಯಾರೂ ಮೊದಲು ಕೇಳುವುದಿಲ್ಲ, ಅದೇ ಮೊದಲ ಪ್ರಶ್ನೆ ಆಗಬೇಕಿತ್ತು. ಮುಳಬಾಗಿಲಿನಿಂದ ನರಸಾಪುರಕ್ಕೆ ದಿನವೂ ಹೋಗಿ ಬರಲು ಹತ್ತಿರ ಹತ್ತಿರ 90 ಕಿ.ಮೀ., ವರ್ಷಕ್ಕೆ 27 ಸಾವಿರ. ಲೀಟರಿಗೆ 18 ಕಿ.ಮೀ. ಕೊಡುವ ಗಾಡಿಯ ಬದಲು 16 ಕೊಡುವುದನ್ನು ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 187 ಲೀಟರ್ ಹೆಚ್ಚು ಪೆಟ್ರೋಲ್ ಬೇಕು. ಇವರಿಗೆ ಹೊಸದು, ಇಲ್ಲವೇ ಒಂದೆರಡು ವರ್ಷದ ಗಾಡಿ ದುಬಾರಿಯಲ್ಲ. ತಿಂಗಳಿಗೆ ಮುನ್ನೂರು ಕಿ.ಮೀ. ಓಡಿಸುವ, ಮದುವೆಗೆ, ಆಸ್ಪತ್ರೆಗೆ, ಚಿಕ್ಕ ತಿರುಪತಿಗೆ ಹೋಗಿಬರುವ ಮನೆಗೆ ಆ ವ್ಯತ್ಯಾಸ ವರ್ಷಕ್ಕೆ 25 ಲೀಟರ್ ಅಷ್ಟೇ. ಅವರು ಕೈಯಲ್ಲಿರುವ ದುಡ್ಡಿಗೆ ಸಾಲವಿಲ್ಲದೆ ಬರುವ ಐದಾರು ವರ್ಷದ ಪೆಟ್ರೋಲ್ ಗಾಡಿ ಕೊಂಡರೆ ಸಾಕು. ಡೀಸೆಲ್ ಅಗ್ಗ ಎಂದು ಬಿಎಸ್6 ಡೀಸೆಲ್ ಕೊಂಡು ಊರೊಳಗೇ ಓಡಿಸಿದರೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದು ಸುಟ್ಟು ಶುದ್ಧವಾಗಲು ಆಗಾಗ ಹೆದ್ದಾರಿಯ ಓಟ ಬೇಕು.

"ಹದಿನೈದು ವರ್ಷ ಆದ್ರೆ ಗುಜರಿಗೆ" ಎಂಬುದು ದೆಹಲಿ ಸುತ್ತಮುತ್ತಲಿನ ನಿಯಮ ಕೇಳಿ ಹುಟ್ಟಿದ ಭಯ. ನಮ್ಮಲ್ಲಿ ಖಾಸಗಿ ಕಾರನ್ನು 15 ವರ್ಷದ ನಂತರ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಶುಲ್ಕ ಮಾತ್ರ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ.

ಕೊನೆಯದು ಕಾಗದದ ಮಾತು. ಛಾಪಾ ಕಾಗದದ ಮೇಲೆ ಕರಾರು ಬರೆದು, ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಆರ್‌ಸಿ ಹಳೆ ಹೆಸರಿನಲ್ಲೇ ಬಿಟ್ಟು ವರ್ಷಗಟ್ಟಲೆ ಓಡಿಸುವುದು ನಮ್ಮಲ್ಲಿ ಮಾಮೂಲು. ಮಾರಿದವರೂ "ನನ್ನ ಕೈ ತೊಳೆದಾಯಿತು" ಎಂದುಕೊಳ್ಳುತ್ತಾರೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು ಇದು: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಅಪಘಾತದ ಪರಿಹಾರಕ್ಕೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದು. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಹಾಕಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಅದು ಗಾಡಿಯದಲ್ಲ, ಅವರದು. ಅವರಿಗೆ ಶೇ 50 ರಿಯಾಯಿತಿ ಸಿಗುತ್ತಿತ್ತು ಎಂದು ನಿಮ್ಮ ಪ್ರೀಮಿಯಂ ಅಂದಾಜು ಮಾಡಬೇಡಿ. ಅಡ್ವಾನ್ಸ್ ಕೊಡುವ ಮುನ್ನವೇ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ, ಸಾಲ ತೀರಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಆ ಹೆಸರು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಗಾಡಿಯ ಹಣದಲ್ಲಿ ದೊಡ್ಡ ಪಾಲನ್ನು ಹಿಡಿದಿಟ್ಟುಕೊಳ್ಳಿ.