ಸೋಲದ ತಂಡವನ್ನ ಸೋಲಿಸೋದು ಹೇಗೆ? ರಹೀಮ್ ಸಾಹೇಬರ ಲೆಕ್ಕ

ಪ್ರತಿ ಫುಟ್‌ಬಾಲ್ ಸೀಸನ್ನಲ್ಲೂ ಒಂದು ತಂಡ ಸೋಲೇ ಇಲ್ಲದೆ ಓಡ್ತಾ ಇರುತ್ತೆ. ಇವರನ್ನ ಈ ಸಲ ಯಾರಾದ್ರೂ ಸೋಲಿಸ್ತಾರಾ ಅಂತ ಮಾತು ಶುರುವಾಗುತ್ತೆ. ಸೋಲಿಸಬಹುದು ಅಂತ ನಾನು ಧೈರ್ಯವಾಗಿ ಹೇಳೋಕೆ ಕಾರಣ ಹೈದರಾಬಾದಿನಲ್ಲೇ ಇದೆ.

ಮೊದಲು ಒಂದು ಮಾತು: ಸೋತಿಲ್ಲ ಅಂದ್ರೆ ಗೆದ್ದಿದೆ ಅಂತ ಅಲ್ಲ. 2020-21ರ ಐಎಸ್‌ಎಲ್‌ನಲ್ಲಿ ಹೈದರಾಬಾದ್ ಎಫ್‌ಸಿ ಕೊನೆಯ 12 ಪಂದ್ಯ ಸೋಲಲಿಲ್ಲ. ಆದ್ರೂ ಪ್ಲೇಆಫ್ ಸಿಗಲಿಲ್ಲ! 20 ಪಂದ್ಯದಲ್ಲಿ 11 ಡ್ರಾ. ಗೆಲ್ಲಲೇಬೇಕಿದ್ದ ಕೊನೇ ಪಂದ್ಯದಲ್ಲೂ ಗೋವಾ ವಿರುದ್ಧ 0-0.

ಈಗ ನಿಜವಾಗಿ ಗೆಲ್ಲುತ್ತಿದ್ದವರ ಕಥೆಗೆ ಬರೋಣ. ಆಗಿನ ಬಾಂಬೆಯ ರೋವರ್ಸ್ ಕಪ್ಪನ್ನ ಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಅದೇ ಕಪ್ಪನ್ನ 1950ರಿಂದ 1954ರವರೆಗೆ ಸತತ 5 ಸಲ ಗೆದ್ದದ್ದು ಹೈದರಾಬಾದ್ ಸಿಟಿ ಪೊಲೀಸ್. ಬಾಂಬೆಯಲ್ಲಿ ಯಾರ ಕೈಗೂ ಸಿಗದ ಈ ತಂಡ 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್‌ಗೆ ಒಂದೇ ಒಂದು ಗೋಲಿನಿಂದ ಸೋತಿತು.

ಆ ಪೊಲೀಸ್ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಮ್. ಮೂಲತಃ ಶಾಲಾ ಮೇಷ್ಟ್ರು. (‘ಮೈದಾನ್’ ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ.) ಅವರು ವಿಚಿತ್ರ ಟೂರ್ನಮೆಂಟ್‌ಗಳನ್ನ ಮಾಡಿಸ್ತಿದ್ರು: ಒಂದರಲ್ಲಿ ಚೆಂಡನ್ನ ಡ್ರಿಬಲ್ ಮಾಡೋ ಹಾಗಿಲ್ಲ, ಇನ್ನೊಂದರಲ್ಲಿ ರೂಢಿಯಿಲ್ಲದ ಕಾಲಲ್ಲೇ ಆಡಬೇಕು. ಇದು ಹುಡುಗಾಟ ಅನ್ನಿಸಬಹುದು. ಆದ್ರೆ ನೋಡಿ, ಗೆಲ್ಲುತ್ತಾ ಹೋದ ತಂಡ ಒಂದೇ ರೀತಿ ಆಡೋದಕ್ಕೆ ಒಗ್ಗಿಹೋಗುತ್ತೆ. ಎದುರಾಳಿ ಅದನ್ನ ಓದಿಕೊಂಡುಬಿಡ್ತಾನೆ. ಎರಡೂ ಕಾಲು ಬಳಸೋನನ್ನ ಓದೋದು ಕಷ್ಟ.

1962ರಲ್ಲಿ ರಹೀಮ್ ಸಾಹೇಬರು ಇನ್ನೊಂದು ದಡದಲ್ಲಿದ್ರು. ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಗೆ 0-2 ಸೋತಿತ್ತು. ಕೊರಿಯಾ ಆಡಿದ ನಾಲ್ಕೂ ಪಂದ್ಯ ಗೆದ್ದು ಫೈನಲ್‌ಗೆ ಬಂತು, ಎದುರಿಗೆ ಮತ್ತೆ ಭಾರತ. ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ನಡುವೆ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ರು. ಅವರನ್ನ ಮನೆಗೆ ಕಳಿಸಲಿಲ್ಲ. ಸೆಮಿಫೈನಲ್‌ನಿಂದಲೇ ಫಾರ್ವರ್ಡ್ ಮಾಡಿದ್ರು. ಸೆಮಿಫೈನಲ್‌ನಲ್ಲೂ ಗೋಲು, ಸೆಪ್ಟೆಂಬರ್ 4ರ ಫೈನಲ್‌ನಲ್ಲೂ ಗೋಲು. ಇನ್ನೊಂದು ಪಿ.ಕೆ. ಬ್ಯಾನರ್ಜಿ ಹೊಡೆದದ್ದು. ಭಾರತ 2-1. ಮೊದಲ ಪಂದ್ಯದಲ್ಲಿ ಕೊರಿಯಾ ನೋಡಿದ್ದ ಜರ್ನೈಲ್ ಡಿಫೆಂಡರ್, ಫೈನಲ್‌ನಲ್ಲಿ ಸಿಕ್ಕ ಜರ್ನೈಲ್ ಬೇರೆಯೇ. ರಹೀಮ್ ಸಾಹೇಬರು ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ್ರು.

ಅದಕ್ಕೇ ಸೋಲದ ತಂಡ ಅಂದಾಗ ನಾನು ಕಾಯೋದು ಎರಡನೇ ಭೇಟಿಗೆ. ಮೊದಲ ಸಲ ಸೋತವರು ಮತ್ತೆ ಬರುವಾಗ ಯಾರ ಜಾಗ ಬದಲಾಗಿದೆ ಅಂತ ಲೈನ್‌ಅಪ್ ನೋಡಿ.