ಮೇಣದ ಬತ್ತಿ ಆರಿದ ಮೇಲೆ ಏರುವ ನೀರು

ತಟ್ಟೆಯೊಂದಕ್ಕೆ ನೀರು ಹಾಕಿ, ನಡುವೆ ಉರಿಯುವ ಮೇಣದ ಬತ್ತಿಯನ್ನು ನಿಲ್ಲಿಸಿ, ಅದರ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುವ ಪ್ರಯೋಗವು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ, ತಟ್ಟೆಯ ನೀರು ಲೋಟದೊಳಗೆ ಏರುತ್ತದೆ. ಉರಿಯುವಾಗ ಲೋಟದೊಳಗಿನ ಆಮ್ಲಜನಕವೆಲ್ಲ ಖರ್ಚಾಯಿತು, ತೆರವಾದ ಜಾಗವನ್ನು ನೀರು ತುಂಬಿತು, ಗಾಳಿಯಲ್ಲಿ ಆಮ್ಲಜನಕವು ಸುಮಾರು ಐದನೆಯ ಒಂದು ಪಾಲು ಇರುವುದರಿಂದ ನೀರೂ ಅಷ್ಟೇ ಎತ್ತರಕ್ಕೆ ಏರಿತು ಎಂಬ ವಿವರಣೆಯನ್ನು ತಲೆಮಾರುಗಳ ಮಕ್ಕಳು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ನೀರು ಏರುವುದು ನಿಜ. ಆದರೆ ಅದಕ್ಕೆ ಕೊಡುವ ಈ ವಿವರಣೆ ಬಹುಪಾಲು ತಪ್ಪು. ಆ ತಪ್ಪನ್ನು ಏಳನೆಯ ತರಗತಿಯ ಮಕ್ಕಳು ಅದೇ ತಟ್ಟೆ, ಅದೇ ಲೋಟ ಮತ್ತು ಇನ್ನೆರಡು ಮೇಣದ ಬತ್ತಿಗಳನ್ನು ಇಟ್ಟುಕೊಂಡು ತಾವೇ ಹಿಡಿಯಬಲ್ಲರು. ವೈಜ್ಞಾನಿಕ ವಿಧಾನವೆಂದರೆ ಏನೆಂಬುದನ್ನು ತರಗತಿಯೊಳಗೆ ಕಾಣಿಸುವುದಕ್ಕೆ ಈ ಹಳೆಯ ಪ್ರಯೋಗವು ಬಹಳ ಒಳ್ಳೆಯ ಸಾಧನವಾಗುವುದು ಈ ಕಾರಣದಿಂದಲೇ.

ಪ್ರಯೋಗವು ನಿಜಕ್ಕೂ ಹಳೆಯದು. ಕ್ರಿಸ್ತಪೂರ್ವ ಕಾಲದ ಗ್ರೀಕ್ ತಂತ್ರಜ್ಞ, ಬೈಜಾಂಟಿಯಮ್ಮಿನ ಫಿಲೋ, ಗಾಳಿ ಮತ್ತು ನೀರಿನ ಒತ್ತಡವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಆಮ್ಲಜನಕದ ಕಲ್ಪನೆಯೇ ಇಲ್ಲದಿದ್ದ ಕಾಲದವನಾದ ಅವನು ತನ್ನ ಕಾಲಕ್ಕೆ ತಕ್ಕ ಬೇರೆಯೇ ಕಾರಣವನ್ನು ಹೇಳಿದ. ಕಣ್ಣಿಗೆ ಕಂಡ ಘಟನೆ ಎರಡು ಸಾವಿರ ವರ್ಷಗಳಿಗೂ ಮೀರಿ ಒಂದೇ ಆಗಿ ಉಳಿದು, ಅದಕ್ಕೆ ಕೊಟ್ಟ ಕಾರಣ ಮಾತ್ರ ಬದಲಾಗುತ್ತ ಬಂದಿರುವುದನ್ನು ಶಿಕ್ಷಕರು ಗಮನಿಸಬೇಕು. ವೀಕ್ಷಣೆ, ಅಂದರೆ ಇಂದ್ರಿಯಗಳಿಗೋ ಅಳತೆಯ ಸಾಧನಕ್ಕೋ ದೊರೆತದ್ದು, ಒಂದು. ವಿವರಣೆ, ಅಂದರೆ ಅದು ಹಾಗೇಕೆ ಆಯಿತೆಂದು ಮನಸ್ಸು ಕಟ್ಟಿಕೊಂಡದ್ದು, ಇನ್ನೊಂದು. ‘ಬತ್ತಿ ಆರಿತು, ನೀರು ಏರಿತು’ ಎಂಬುದು ವೀಕ್ಷಣೆ. ‘ಆಮ್ಲಜನಕ ಮುಗಿಯಿತು’ ಎಂಬುದು ವಿವರಣೆ. ಈ ಎರಡನ್ನೂ ವೀಕ್ಷಣೆಯ ಅಂಕಣದಲ್ಲೇ ಬರೆಯುವ ಅಭ್ಯಾಸ ಬಿದ್ದ ವಿದ್ಯಾರ್ಥಿಗೆ, ಮುಂದೆ ಯಾವ ಉಪಕರಣವನ್ನು ಕೈಗೆ ಕೊಟ್ಟರೂ, ತಾನು ಕಂಡದ್ದು ಯಾವುದು ಮತ್ತು ತಾನು ನಂಬಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ.

ವಿವರಣೆಯನ್ನು ಪರೀಕ್ಷೆಗೆ ಒಡ್ಡುವ ಮೊದಲು ಅದನ್ನು ಪ್ರಾಕ್ಕಲ್ಪನೆಯ ರೂಪಕ್ಕೆ ತರಬೇಕಾಗುತ್ತದೆ. ಪ್ರಾಕ್ಕಲ್ಪನೆ ಎಂದರೆ ಬರಿಯ ಊಹೆಯಲ್ಲ. ತಾನು ನಿಜವಾಗಿದ್ದರೆ ಮುಂದೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಮುಂಚಿತವಾಗಿಯೇ ಹೇಳಬಲ್ಲ ಊಹೆ. ಆಮ್ಲಜನಕ ಖರ್ಚಾಗುವುದರಿಂದಲೇ ನೀರು ಏರುವುದಾದರೆ ಮೂರು ಸಂಗತಿಗಳು ಕಾಣಬೇಕು: ಬತ್ತಿ ಉರಿಯುತ್ತಿರುವಾಗಲೇ ನೀರು ಮೆಲ್ಲಮೆಲ್ಲಗೆ ಏರುತ್ತ ಹೋಗಬೇಕು, ಲೋಟದೊಳಗಿನ ಗಾಳಿ ಅಷ್ಟೇ ಇರುವುದರಿಂದ ಒಂದು ಬತ್ತಿ ಇಟ್ಟರೂ ಮೂರು ಇಟ್ಟರೂ ನೀರಿನ ಏರಿಕೆ ಹೆಚ್ಚುಕಡಿಮೆ ಒಂದೇ ಇರಬೇಕು, ಲೋಟದಿಂದ ಗಾಳಿ ಹೊರಹೋಗುವ ಲಕ್ಷಣ ಯಾವುದೂ ಇರಬಾರದು. ಇದಕ್ಕೆ ಎದುರಾಗಿ ಇನ್ನೊಂದು ಪ್ರಾಕ್ಕಲ್ಪನೆಯನ್ನೂ ನಿಲ್ಲಿಸಬಹುದು. ಜ್ವಾಲೆಯ ಬಿಸಿಗೆ ಲೋಟದ ಗಾಳಿ ಹಿಗ್ಗಿ ಅದರಲ್ಲೊಂದಷ್ಟು ಹೊರಗೆ ಹೋಗುತ್ತದೆ, ಬತ್ತಿ ಆರಿದ ಮೇಲೆ ಒಳಗುಳಿದ ಗಾಳಿ ತಣಿದು ಕುಗ್ಗುತ್ತದೆ, ಆಗ ಒಳಗಿನ ಒತ್ತಡ ಕಡಿಮೆಯಾಗಿ ಹೊರಗಿನ ವಾತಾವರಣದ ಒತ್ತಡವು ನೀರನ್ನು ಒಳಕ್ಕೆ ದೂಡುತ್ತದೆ. ಇದು ನಿಜವಾದರೆ ನೀರು ಮುಖ್ಯವಾಗಿ ಬತ್ತಿ ಆರಿದ ಮೇಲೆ ಏರಬೇಕು, ಬತ್ತಿಗಳು ಹೆಚ್ಚಾದಷ್ಟೂ ಏರಿಕೆ ಹೆಚ್ಚಬೇಕು, ಲೋಟವನ್ನು ಇಳಿಸುವಾಗ ಅಂಚಿನಲ್ಲಿ ಗುಳ್ಳೆಗಳು ಏಳಬಹುದು. ಎರಡು ಕಲ್ಪನೆಗಳು ಒಂದೇ ಪ್ರಯೋಗದಿಂದ ಬೇರೆಬೇರೆ ಫಲಿತಾಂಶಗಳನ್ನು ನಿರೀಕ್ಷಿಸುವ ಇಂಥ ಸಂದರ್ಭವನ್ನು ಕಟ್ಟಿಕೊಡುವುದೇ ವಿಜ್ಞಾನ ಶಿಕ್ಷಕರ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ.

ಮಕ್ಕಳು ತಮ್ಮ ನಿರೀಕ್ಷೆಯನ್ನು ಬರೆದಿಟ್ಟು ಪ್ರಯೋಗ ಮಾಡಿದಾಗ ಕಾಣುವುದು ಸ್ಪಷ್ಟವಾಗಿಯೇ ಇರುತ್ತದೆ. ಬತ್ತಿ ಉರಿಯುವಷ್ಟು ಹೊತ್ತು ನೀರು ಬಹುಮಟ್ಟಿಗೆ ಇದ್ದಲ್ಲೇ ಇದ್ದು, ಜ್ವಾಲೆ ಕುಗ್ಗಿ ಆರುವ ಹೊತ್ತಿಗೆ ಸರ್ರನೆ ಮೇಲೇರುತ್ತದೆ. ಒಂದರ ಬದಲು ಮೂರು ಬತ್ತಿಗಳನ್ನು ಇಟ್ಟರೆ ಏರಿಕೆ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಆದರೆ ಈ ಹೋಲಿಕೆ ನ್ಯಾಯವಾಗಿರಬೇಕಾದರೆ ಒಂದು ಶಿಸ್ತು ಬೇಕು: ಬತ್ತಿಗಳ ಸಂಖ್ಯೆಯೊಂದನ್ನು ಬಿಟ್ಟು ಲೋಟ, ನೀರಿನ ಪ್ರಮಾಣ, ಲೋಟವನ್ನು ಇಳಿಸುವ ವೇಗ ಮುಂತಾದ ಉಳಿದೆಲ್ಲವೂ ಹಾಗೆಯೇ ಇರಬೇಕು. ಪ್ರಯೋಗದಲ್ಲಿ ಬದಲಾಗಬಲ್ಲ ಇಂಥ ಅಂಶಗಳನ್ನು ಚರಗಳೆಂದು ಕರೆಯುತ್ತಾರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಉಳಿದವನ್ನು ಹಿಡಿದಿಡುವುದಕ್ಕೆ ಚರಗಳ ನಿಯಂತ್ರಣ ಎನ್ನುತ್ತಾರೆ. ಲೋಟವನ್ನು ಇಳಿಸುವ ವೇಗವನ್ನು ಇಲ್ಲಿ ಸೇರಿಸಿರುವುದು ಸುಮ್ಮನೆ ಅಲ್ಲ. ಜ್ವಾಲೆಯ ಮೇಲೆ ಲೋಟವನ್ನು ಕೆಲವು ಸೆಕೆಂಡು ಹಿಡಿದು ಆಮೇಲೆ ಇಳಿಸಿದವರ ಲೋಟದಲ್ಲಿ, ಒಳಗಿನ ಗಾಳಿ ಮೊದಲೇ ಬಿಸಿಯಾಗಿರುವುದರಿಂದ, ನೀರು ಹೆಚ್ಚು ಏರುತ್ತದೆ. ಒಂದೇ ತರಗತಿಯ ಎರಡು ಗುಂಪುಗಳಿಗೆ ಬೇರೆಬೇರೆ ಅಳತೆ ಬಂದಾಗ ‘ಯಾರದು ಸರಿ’ ಎಂದು ತೀರ್ಪು ಕೊಡುವ ಬದಲು ‘ಯಾರು ಹೇಗೆ ಮಾಡಿದರು’ ಎಂದು ಕೇಳಿದರೆ ಈ ಚರವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಇಷ್ಟಾದ ಮೇಲೂ, ಎಷ್ಟಾದರೂ ಬತ್ತಿ ಉರಿದಿದೆಯಲ್ಲ, ಆಮ್ಲಜನಕ ಖರ್ಚಾಗಿಯೇ ಇರಬೇಕಲ್ಲ ಎಂದು ಒಬ್ಬ ವಿದ್ಯಾರ್ಥಿ ವಾದಿಸಿದರೆ ಅವನ ವಾದಕ್ಕೆ ಗೌರವ ಸಿಗಬೇಕು. ಅದಕ್ಕೆ ಉತ್ತರವು ನಿಯಂತ್ರಿತ ಪ್ರಯೋಗ, ಅಂದರೆ ಅನುಮಾನಕ್ಕೆ ಒಳಗಾದ ಕಾರಣವನ್ನು ಪೂರ್ತಿ ತೆಗೆದುಹಾಕಿ ಉಳಿದದ್ದನ್ನು ಹಾಗೆಯೇ ಇಟ್ಟು ನೋಡುವ ಪ್ರಯೋಗ. ಲೋಟವನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿ ಇರುವಾಗಲೇ ತಣ್ಣೀರಿನ ತಟ್ಟೆಯಲ್ಲಿ ಬೋರಲು ಹಾಕಿದರೆ ಒಳಗೆ ಏನೂ ಉರಿಯದಿದ್ದರೂ ನೀರು ಏರುತ್ತದೆ. ಲೆಕ್ಕವೂ ಇದಕ್ಕೆ ಹೊಂದುತ್ತದೆ. ಒತ್ತಡ ಒಂದೇ ಇರುವಾಗ ಅನಿಲದ ಗಾತ್ರವು, ಸೆಲ್ಸಿಯಸ್ ಅಂಕಿಗೆ 273 ಕೂಡಿಸಿ ಪಡೆಯುವ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆ. ಲೋಟದ ಗಾಳಿ ಸರಾಸರಿ 75 ಡಿಗ್ರಿಗೆ ಕಾದು ಮತ್ತೆ 27 ಡಿಗ್ರಿಗೆ ತಣಿಯಿತೆಂದು ಇಟ್ಟುಕೊಂಡರೆ, ಗಾತ್ರವು 348ಕ್ಕೆ 300ರಂತೆ ಕುಗ್ಗುತ್ತದೆ, ಅಂದರೆ ನೂರಕ್ಕೆ ಸುಮಾರು 14 ಪಾಲು. ಉರಿಯುವಿಕೆಯ ಕಡೆಯ ಲೆಕ್ಕ ಹೀಗಿದೆ: ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದ್ದರೂ ಅದು 16ರ ಆಸುಪಾಸಿಗೆ ಇಳಿಯುವಾಗಲೇ ಮೇಣದ ಬತ್ತಿ ಆರಿಬಿಡುತ್ತದೆ, ಹೀಗೆ ಖರ್ಚಾದ ಐದು ಪಾಲಿನ ಬದಲಿಗೆ ಮೂರಕ್ಕೂ ಹೆಚ್ಚು ಪಾಲು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದು ಅಷ್ಟು ಚಿಕ್ಕ ಅವಧಿಯಲ್ಲಿ ನೀರಿನಲ್ಲಿ ಕರಗುವುದು ಸ್ವಲ್ಪವೇ. ಆದ್ದರಿಂದ ಉರಿಯುವುದರಿಂದ ಆಗುವ ನಿವ್ವಳ ಇಳಿಕೆ ನೂರಕ್ಕೆ ಎರಡು ಪಾಲಿನ ಸಮೀಪದ್ದು. ಹಳೆಯ ವಿವರಣೆಯಲ್ಲಿ ಸತ್ಯದ ಒಂದು ಸಣ್ಣ ಎಳೆ ಇದೆ, ಆದರೆ ಅದು ಇಡೀ ಏರಿಕೆಯನ್ನು ಹೊರಲಾರದು.

ಹಾಗಿದ್ದರೆ ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕವಿದೆ ಎಂಬ ಮಾತು ಶಾಲೆಯ ಮಟ್ಟಿಗೆ ನಂಬಿಕೆಯ ಮೇಲೆಯೇ ಉಳಿಯಬೇಕೇ ಎಂಬ ಪ್ರಶ್ನೆ ಏಳುತ್ತದೆ. ಉಳಿಯಬೇಕಾಗಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಆಂಟ್ವಾನ್ ಲಾವೋಸಿಯೆ 18ನೆಯ ಶತಮಾನದಲ್ಲಿ ಪಾದರಸವನ್ನು ಮುಚ್ಚಿದ ಗಾಳಿಯಲ್ಲಿ 12 ದಿನ ಕಾಯಿಸಿ, ಗಾಳಿಯ ಗಾತ್ರ ಸುಮಾರು ಆರನೆಯ ಒಂದು ಪಾಲು ಕಡಿಮೆಯಾದುದನ್ನು ಅಳೆದಿದ್ದ. ಪಾದರಸದ ಮೇಲೆ ಕಟ್ಟಿದ ಕೆಂಪು ಪುಡಿಯನ್ನು ಇನ್ನಷ್ಟು ಕಾಯಿಸಿ, ಕಾಣೆಯಾಗಿದ್ದ ಅನಿಲವನ್ನು ಮರಳಿ ಪಡೆದು, ಉಳಿದ ಗಾಳಿಗೆ ಅದನ್ನು ಬೆರೆಸಿ ಮೊದಲಿನಂಥ ಗಾಳಿಯನ್ನೇ ಮಾಡಿ ತೋರಿಸಿದ್ದ. ವಿಷಕಾರಿಯಾದ ಪಾದರಸವನ್ನು ಮಕ್ಕಳ ಕೈಗೆ ಕೊಡುವಂತಿಲ್ಲ, ಆದರೆ ಅದೇ ಕೆಲಸವನ್ನು ಕಬ್ಬಿಣದ ತುಕ್ಕು ನಿಧಾನವಾಗಿ ಮಾಡುತ್ತದೆ. ಉಕ್ಕಿನ ನಾರಿನ ಉಂಡೆಯನ್ನು ವಿನೆಗರಿನಲ್ಲಿ ಅದ್ದಿ, ಹಿಂಡಿ, ಪ್ರನಾಳದ ತಳದಲ್ಲಿ ಸಿಕ್ಕಿಸಿ, ಪ್ರನಾಳವನ್ನು ನೀರಿನಲ್ಲಿ ಬೋರಲು ನಿಲ್ಲಿಸಿದರೆ ತುಕ್ಕು ಹಿಡಿಯುತ್ತ ಹಿಡಿಯುತ್ತ ನೀರು ಏರುತ್ತದೆ, ನಾರು ಸಾಕಷ್ಟಿದ್ದರೆ ಐದನೆಯ ಒಂದು ಪಾಲಿನ ಹತ್ತಿರ ಬಂದು ನಿಲ್ಲುತ್ತದೆ. ತುಕ್ಕು ಆಮ್ಲಜನಕವನ್ನು ಹೀರಿಕೊಂಡು ಬದಲಿಗೆ ಯಾವ ಅನಿಲವನ್ನೂ ಬಿಡುವುದಿಲ್ಲ, ಶಾಖವೂ ಇಲ್ಲಿ ಅಡ್ಡಬರುವುದಿಲ್ಲ ಎಂಬುದೇ ಇದರ ಬಲ. ಪಕ್ಕದಲ್ಲಿ ನಾರಿಲ್ಲದ ಇನ್ನೊಂದು ಪ್ರನಾಳವನ್ನೂ ಹಾಗೆಯೇ ನಿಲ್ಲಿಸಿದರೆ ಹೋಲಿಕೆ ಪೂರ್ಣವಾಗುತ್ತದೆ. ಅಂಗಡಿಯಲ್ಲಿ ಪಾತ್ರೆ ತಿಕ್ಕಲು ಮಾರುವ ಹೊಳೆಯುವ ಸ್ಟೇನ್‌ಲೆಸ್ ಉಂಡೆ ಸುಲಭಕ್ಕೆ ತುಕ್ಕು ಹಿಡಿಯದಿರುವುದರಿಂದ ಈ ಪ್ರಯೋಗಕ್ಕೆ ಬಾರದು. ಹಾಗೆ ಸೋತ ಪ್ರಯೋಗವೂ, ಏಕೆ ಸೋತಿತೆಂದು ವಿಚಾರಿಸಿದಾಗ, ಒಂದು ಪಾಠವೇ ಆಗುತ್ತದೆ.

ಇಂಥ ವಿಚಾರಣೆಗೆ ಎಡೆ ಸಿಗದಿರುವುದಕ್ಕೆ ಸಾಮಾನ್ಯವಾಗಿ ಉಪಕರಣಗಳ ಕೊರತೆಯನ್ನು ಕಾರಣವಾಗಿ ಹೇಳುತ್ತಾರೆ; ಪ್ರಯೋಗದ ದಾಖಲೆ ಪುಸ್ತಕವನ್ನು ಬರೆಯುವ ಕ್ರಮವೂ ಅಷ್ಟೇ ದೊಡ್ಡ ಕಾರಣ. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ಶೀರ್ಷಿಕೆಗಳಲ್ಲಿ ತಪ್ಪೇನೂ ಇಲ್ಲ. ತೀರ್ಮಾನವನ್ನು ಹಲಗೆಯಿಂದ ಮೊದಲೇ ನಕಲು ಮಾಡಿಕೊಂಡು ಆಮೇಲೆ ಪ್ರಯೋಗಕ್ಕೆ ಇಳಿಯುವುದು ತಪ್ಪು. ಅದು ರೋಗಿಯ ನಾಡಿ ಹಿಡಿಯುವ ಮೊದಲೇ ಔಷಧದ ಚೀಟಿಯನ್ನು ಬರೆದಿಟ್ಟಂತೆ. ವೈಜ್ಞಾನಿಕ ವಿಧಾನವನ್ನು ಹಂತಗಳಾಗಿ ಕಲಿಸುವ ಪದ್ಧತಿಯ ಒಂದು ಬೇರು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ ಪ್ರಕಟಿಸಿದ ‘ಹೌ ವಿ ಥಿಂಕ್’ ಎಂಬ ಪುಸ್ತಕದಲ್ಲಿದೆ. ತೊಡಕೊಂದು ಎದುರಾಗುವುದು, ಅದು ಎಲ್ಲಿದೆಯೆಂದು ಗುರುತಿಸುವುದು, ಪರಿಹಾರವೊಂದು ಹೊಳೆಯುವುದು, ಅದರ ಪರಿಣಾಮಗಳನ್ನು ತರ್ಕದಿಂದ ಬಿಡಿಸುವುದು, ಮತ್ತೆ ನೋಡಿ ಅದನ್ನು ಒಪ್ಪುವುದು ಅಥವಾ ಕೈಬಿಡುವುದು ಎಂದು ಅವರು ಆಲೋಚನೆಯ ಐದು ಘಟ್ಟಗಳನ್ನು ಗುರುತಿಸಿದರು. ಅದು ಮನುಷ್ಯ ಆಲೋಚಿಸುವ ಬಗೆಯ ವರ್ಣನೆಯಾಗಿತ್ತು; ಶಾಲೆಗಳಿಗೆ ಬರುವಾಗ ಕ್ರಮ ತಪ್ಪದೆ ಪಾಲಿಸಬೇಕಾದ ವಿಧಿಯಾಗಿ ಗಟ್ಟಿಗೊಂಡಿತು. ಮೊದಲನೆಯ ಘಟ್ಟವಾದ ತೊಡಕನ್ನೇ ಬಿಟ್ಟು ಉಳಿದ ನಾಲ್ಕನ್ನು ಮಾಡಿಸುವ ತರಗತಿಯಲ್ಲಿ ಮಕ್ಕಳ ಕೈಗೆ ಕೆಲಸವಿರುತ್ತದೆ, ಮನಸ್ಸಿಗೆ ಇರುವುದಿಲ್ಲ.

ಅಳತೆಯ ವಿಷಯದಲ್ಲಿಯೂ ಹೀಗೆಯೇ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಲೋಲಕವು ಇದಕ್ಕೆ ತಕ್ಕ ಪಾಠ. ಭಾರವಾದ ಗುಂಡು ಬೇಗ ತೂಗುತ್ತದೆಂದು ಅನೇಕ ಮಕ್ಕಳು ಎಣಿಸುತ್ತಾರೆ, ಆದರೆ ಚಿಕ್ಕ ತೂಗಾಟಗಳಿಗೆ ಆಂದೋಲನದ ಅವಧಿಯು ಗುಂಡಿನ ಭಾರವನ್ನು ಅವಲಂಬಿಸದೆ ಲೋಲಕದ ಉದ್ದವನ್ನು ಅವಲಂಬಿಸಿರುತ್ತದೆ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು ಎರಡು ಸೆಕೆಂಡು ಬೇಕು. ಗಡಿಯಾರವನ್ನು ಒತ್ತುವ ಬೆರಳು ಸೆಕೆಂಡಿನ ಒಂದು ಪಾಲು ಹಿಂದುಮುಂದಾಗುವುದರಿಂದ 20 ಆಂದೋಲನಗಳ ಕಾಲವನ್ನು ಅಳೆದು 20ರಿಂದ ಭಾಗಿಸಿದರೆ ಆ ದೋಷವೂ ಇಪ್ಪತ್ತು ಪಾಲಾಗಿ ಹಂಚಿಹೋಗುತ್ತದೆ. ದೊಡ್ಡ ಗುಂಡನ್ನು ಕಟ್ಟಿದ ಗುಂಪಿಗೆ ಅವಧಿ ಸ್ವಲ್ಪ ಹೆಚ್ಚು ಬರುವುದುಂಟು; ಉದ್ದವನ್ನು ಗುಂಡಿನ ನಡುಮಧ್ಯದವರೆಗೆ ಅಳೆಯಬೇಕಾದಲ್ಲಿ ದಾರದ ತುದಿಯವರೆಗೆ ಮಾತ್ರ ಅಳೆದದ್ದೇ ಅದಕ್ಕೆ ಕಾರಣ. ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಂಕಿಯನ್ನು ತಿದ್ದಿಬಿಡುವ ತರಗತಿಯಲ್ಲಿ ಈ ಸೂಕ್ಷ್ಮ ಎಂದಿಗೂ ಹೊರಬರುವುದಿಲ್ಲ.

ಇದೆಲ್ಲ ಸಾಮಾನ್ಯ ಹಳ್ಳಿಶಾಲೆಯಲ್ಲಿ ಸಾಧ್ಯವೇ ಎಂಬ ಸಂಶಯಕ್ಕೆ ಭಾರತದಲ್ಲಿಯೇ ಉತ್ತರವಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಆರಂಭಿಸಿದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು 1978ರಲ್ಲಿ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ವಿಸ್ತರಿಸಿತು, 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು. ‘ಬಾಲ ವೈಜ್ಞಾನಿಕ’ ಎಂಬ ಅದರ ಪುಸ್ತಕದಲ್ಲಿ ಪ್ರಯೋಗಗಳೂ ಪ್ರಶ್ನೆಗಳೂ ಇದ್ದವು, ಸಿದ್ಧ ಉತ್ತರಗಳಿರಲಿಲ್ಲ. ಮಕ್ಕಳು ನಾಲ್ಕು ನಾಲ್ಕು ಮಂದಿಯ ಗುಂಪುಗಳಲ್ಲಿ ಪ್ರಯೋಗ ಮಾಡಿ, ಅಳತೆಗಳನ್ನು ಇಡೀ ತರಗತಿಯ ಮುಂದಿಟ್ಟು ಚರ್ಚಿಸುತ್ತಿದ್ದರು. ತಲೆಯಲ್ಲಿ ಉಳಿದ ಪ್ರಶ್ನೆಗಳನ್ನು ಸವಾಲೀರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಕೇಳುತ್ತಿದ್ದರು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಸರ್ಕಾರಿ ಶಾಲೆಗಳೊಳಗೇ ಮೂರು ದಶಕ ನಡೆದ ಅಪರೂಪದ ಕೆಲಸವೊಂದು ಹಾಗೆ ಕೊನೆಗೊಂಡದ್ದು ಭಾರತೀಯ ಶಿಕ್ಷಣಕ್ಕೆ ಆದ ದೊಡ್ಡ ನಷ್ಟ.

ಆ ಕಾರ್ಯಕ್ರಮವು ಪರೀಕ್ಷೆಯನ್ನೂ ಬದಲಿಸಿತ್ತೆಂಬುದನ್ನು ವಿಶೇಷವಾಗಿ ನೆನೆಯಬೇಕು. ಅಲ್ಲಿನ ಲಿಖಿತ ಪರೀಕ್ಷೆಗೆ ಮಕ್ಕಳು ಪುಸ್ತಕವನ್ನು ತೆರೆದಿಟ್ಟುಕೊಂಡೇ ಕೂರುತ್ತಿದ್ದರು, ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತಿತ್ತು. ಮೇಣದ ಬತ್ತಿಯ ಪಾಠಕ್ಕೆ ಇದನ್ನು ಅನ್ವಯಿಸಿದರೆ ‘ನೀರು ಏಕೆ ಏರುತ್ತದೆ’ ಎಂಬ ಪ್ರಶ್ನೆಯ ಬದಲು, ಬತ್ತಿಗಳ ಸಂಖ್ಯೆ ಮತ್ತು ನೀರಿನ ಏರಿಕೆಯ ಅಳತೆಗಳಿರುವ ಒಂದು ಕೋಷ್ಟಕವನ್ನು ಕೊಟ್ಟು, ಇದು ಯಾವ ಪ್ರಾಕ್ಕಲ್ಪನೆಗೆ ವಿರುದ್ಧವಾಗಿದೆ, ಯಾವ ಚರವನ್ನು ಹಿಡಿದಿಟ್ಟಂತೆ ಕಾಣುವುದಿಲ್ಲ, ಇನ್ನು ಯಾವ ಪ್ರಯೋಗ ಮಾಡಿದರೆ ಸಂಶಯ ತೀರುತ್ತದೆ ಎಂದು ಕೇಳಬಹುದು. ಇಂಥ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಬತ್ತಿ, ಬಿಸಿ ಲೋಟ, ತುಕ್ಕು ಈ ಮೂರನ್ನೂ ಸಾವಧಾನವಾಗಿ ಮಾಡಿಸಲು ಮೂರು ಪೀರಿಯಡ್ ಬೇಕಾಗಬಹುದು, ಪ್ರನಾಳಗಳನ್ನು ಕೆಲವು ದಿನ ತರಗತಿಯ ಮೂಲೆಯಲ್ಲಿ ಬಿಟ್ಟು ದಿನವೂ ನೀರಿನ ಮಟ್ಟವನ್ನು ಗುರುತು ಹಾಕಬೇಕಾಗುತ್ತದೆ. ಪಠ್ಯವನ್ನು ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರಿಗೆ ಅಷ್ಟು ಸಮಯವನ್ನು ವಾರ್ಷಿಕ ಪಾಠಯೋಜನೆಯಲ್ಲಿಯೇ ಬಿಟ್ಟುಕೊಡುವ ಹೊಣೆ ಮುಖ್ಯೋಪಾಧ್ಯಾಯರದು ಮತ್ತು ಶಿಕ್ಷಣ ಇಲಾಖೆಯದು.