ಹಣದ ಹಾದಿಯಲ್ಲಿ ಒಪ್ಪಿಗೆಯ ತಪಾಸಣೆ

ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಕಾರವಾರದ ಮೇಲೆ ಅಂಕೋಲೆಗೆ ಹೊರಟರೆ ಹಟ್ಟಿಕೇರಿಯಲ್ಲಿ ಟೋಲ್ ನಾಕೆ ಸಿಗುತ್ತದೆ. ವಾಹನದ ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಅಲ್ಲಿನ ಉಪಕರಣ ರೇಡಿಯೋ ಅಲೆಗಳ ನೆರವಿನಿಂದ ಓದುತ್ತದೆ. ಹಣ ಸಂದಾಯವಾದರೆ ತಡೆಗೋಲು ಮೇಲೇಳುತ್ತದೆ. ಲಾರಿಯೊಳಗಿನ ಸರಕು ಯಾರದು, ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಅಂತರಜಾಲದಲ್ಲಿ ಹಣ ಪಾವತಿಸುವ ವ್ಯವಸ್ಥೆಯೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ಇತ್ತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಅವಳ ಖಾಸಗಿ ಚಿತ್ರಗಳನ್ನು ಯಾರೋ ಹಣ ಕೊಟ್ಟು ನೋಡುವ ವಿದೇಶಿ ಜಾಲತಾಣವೊಂದಕ್ಕೆ ಏರಿಸಿದ್ದರು. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದಳು: "ಸರ್, ದುಡ್ಡು ಕೊಡುವವನ ಹತ್ತಿರ ಒಟಿಪಿ ಕೇಳುತ್ತಾರೆ. ನನ್ನ ಫೋಟೋ ಹಾಕುವಾಗ ನನ್ನನ್ನು ಯಾಕೆ ಯಾರೂ ಕೇಳಲಿಲ್ಲ?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಹಣ ಸಾಗುವ ಬಗೆ

ಕಾರ್ಡಿನ ಮೂಲಕ ನಡೆಯುವ ಪಾವತಿಯಲ್ಲಿ ಸಾಮಾನ್ಯವಾಗಿ ನಾಲ್ವರು ಪಾತ್ರಧಾರಿಗಳಿರುತ್ತಾರೆ: ಕಾರ್ಡ್ ಹೊಂದಿರುವ ಗ್ರಾಹಕ, ಅವನಿಗೆ ಕಾರ್ಡ್ ಕೊಟ್ಟ ಬ್ಯಾಂಕ್, ವ್ಯಾಪಾರಿ, ಆ ವ್ಯಾಪಾರಿಯ ಪರವಾಗಿ ಹಣ ಪಡೆಯುವ ಬ್ಯಾಂಕ್. ಎರಡು ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವುದು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮೊದಲಾದ ಜಾಲಗಳು. "ಈ ಮೊತ್ತ ಕೊಡಬಹುದೇ?" ಎಂಬ ಪ್ರಶ್ನೆ ಹೋಗಿ "ಕೊಡಬಹುದು" ಎಂಬ ಉತ್ತರ ಬರಲು ಕೆಲವೇ ಸೆಕೆಂಡು ಸಾಕು. ಹಣ ನಿಜವಾಗಿ ಕೈ ಬದಲಾಗುವುದು ಆಮೇಲೆ.

ಕೊಡುವವನ ಗುರುತು ಖಚಿತಪಡಿಸಲು ನಮ್ಮಲ್ಲಿ ಬಿಗಿಯಾದ ಏರ್ಪಾಡಿದೆ. ಅಂತರಜಾಲದ ಕಾರ್ಡ್ ಪಾವತಿಗೆ ಎರಡನೆಯ ಹಂತದ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು. ಆದರೆ ಇದು ಕಾಯುವುದು ಗ್ರಾಹಕನ ಹಣವನ್ನು. ಮಾರಾಟವಾಗುತ್ತಿರುವ ಚಿತ್ರದಲ್ಲಿರುವವರ ಮಾನವನ್ನು ಕಾಯುವ ಹಂತ ಈ ಸರಪಳಿಯಲ್ಲಿ ಇರಲಿಲ್ಲ.

ಅಪಾಯದ ವ್ಯಾಪಾರಿಗಳು

ಪ್ರತಿ ವ್ಯಾಪಾರಿಗೂ ಅವನ ವ್ಯವಹಾರವನ್ನು ಸೂಚಿಸುವ ನಾಲ್ಕು ಅಂಕಿಗಳ ಸಂಕೇತವೊಂದಿರುತ್ತದೆ. ವಯಸ್ಕರ ಜಾಲತಾಣಗಳಿಗೆ ಸಾಮಾನ್ಯವಾಗಿ ಸಿಗುವುದು 5967. ಈ ವರ್ಗವನ್ನು ಬ್ಯಾಂಕುಗಳು 'ಹೆಚ್ಚು ಅಪಾಯ'ದ್ದೆಂದು ಎಣಿಸುತ್ತವೆ. ಇದಕ್ಕೆ ಮುಖ್ಯ ಕಾರಣ ಚಾರ್ಜ್‌ಬ್ಯಾಕ್, ಅಂದರೆ ಗ್ರಾಹಕ ತಕರಾರು ಮಾಡಿ ಹಣ ಹಿಂದೆ ಪಡೆಯುವುದು. ಬ್ಯಾಂಕಿನ ಪಟ್ಟಿ ಮನೆಯವರ ಕಣ್ಣಿಗೆ ಬಿದ್ದಾಗ "ನಾನಲ್ಲ" ಎನ್ನುವವರು ಅನೇಕ. ಒಂದು ಡಾಲರಿನ ಪರೀಕ್ಷಾ ಚಂದಾ ಎಂದು ಹೇಳಿ ತಿಂಗಳು ತಿಂಗಳು ಹಣ ಎಳೆಯುವ ತಾಣಗಳೂ ಉಂಟು. ಆದ್ದರಿಂದ ಬ್ಯಾಂಕುಗಳು ಇಂಥ ವ್ಯಾಪಾರಿಗಳಿಂದ ಹೆಚ್ಚಿನ ಶುಲ್ಕ ಪಡೆಯುತ್ತವೆ. ಗಳಿಕೆಯ ಒಂದು ಪಾಲನ್ನು ಕೆಲವು ತಿಂಗಳು ಠೇವಣಿಯಾಗಿ ಹಿಡಿದಿಡುವುದೂ ಉಂಟು.

ಗಮನಿಸಿ: ಇಲ್ಲಿ ಅಳೆಯುತ್ತಿದ್ದ ಅಪಾಯವೆಲ್ಲ ಬ್ಯಾಂಕಿನದು. ಚಿತ್ರದಲ್ಲಿರುವ ವ್ಯಕ್ತಿಯ ಅಪಾಯ ಲೆಕ್ಕದಲ್ಲೇ ಇರಲಿಲ್ಲ.

2020ರ ತಿರುವು

2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಕಣವೊಂದು, ಪೋರ್ನ್‌ಹಬ್ ತಾಣದಲ್ಲಿ ಮಕ್ಕಳ ಮತ್ತು ಒಪ್ಪಿಗೆಯಿಲ್ಲದವರ ವಿಡಿಯೋಗಳಿರುವುದನ್ನು ಬಯಲಿಗೆಳೆಯಿತು. ಒಂದೇ ವಾರದೊಳಗೆ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಆ ತಾಣಕ್ಕೆ ಪಾವತಿ ನಿಲ್ಲಿಸಿದವು. ಕೆಲವೇ ದಿನಗಳಲ್ಲಿ ತಾಣವು ಗುರುತು ದೃಢಪಡದ ಬಳಕೆದಾರರು ಏರಿಸಿದ್ದ ವಿಡಿಯೋಗಳನ್ನೆಲ್ಲ ತೆಗೆದುಹಾಕಿತು. ಅವು ಅದರ ಒಟ್ಟು ಸಂಗ್ರಹದ ಬಹುಪಾಲಾಗಿದ್ದವು. ವರ್ಷಗಟ್ಟಲೆ ಬಾಧಿತರು ಬರೆದ ಮನವಿಗಳಿಂದ ಆಗದ ಕೆಲಸ ಇದು.

ಮುಂದೆ 2021ರ ಅಕ್ಟೋಬರ್ 15ರಿಂದ ಮಾಸ್ಟರ್‌ಕಾರ್ಡ್ ಹೊಸ ನಿಯಮ ಜಾರಿಗೊಳಿಸಿತು. ಅದರ ಸಾರ ಇಷ್ಟು: ಚಿತ್ರ ಏರಿಸುವವರ ಮತ್ತು ಚಿತ್ರದಲ್ಲಿರುವ ಎಲ್ಲರ ವಯಸ್ಸು, ಗುರುತಿಗೆ ದಾಖಲೆ ಬೇಕು, ಪ್ರಕಟಿಸುವ ಮೊದಲೇ ಪರಿಶೀಲನೆ ನಡೆಯಬೇಕು, ಕಾನೂನುಬಾಹಿರ ಅಥವಾ ಒಪ್ಪಿಗೆಯಿಲ್ಲದ ಚಿತ್ರಗಳ ದೂರು ಏಳು ಕೆಲಸದ ದಿನಗಳಲ್ಲಿ ಇತ್ಯರ್ಥವಾಗಬೇಕು, ಚಿತ್ರದಲ್ಲಿರುವ ಯಾರೇ ಆಗಲಿ ಅದನ್ನು ತೆಗೆಯುವಂತೆ ಕೋರುವ ಅವಕಾಶವಿರಬೇಕು. ಇವೆಲ್ಲ ನಡೆಯುತ್ತಿವೆ ಎಂದು ಖಾತರಿ ಕೊಡಬೇಕಾದದ್ದು ವ್ಯಾಪಾರಿಯ ಬ್ಯಾಂಕ್. ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಈಗ ನಿಯಮದೊಳಗೆ ಬಂದಿತ್ತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಲೈಂಗಿಕ ದೃಶ್ಯಗಳನ್ನು ಅಂತರಜಾಲದಲ್ಲಿ ಪ್ರಕಟಿಸುವುದೇ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಡಿ ಮೊದಲ ಬಾರಿಗೇ 5 ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಕ್ಕಳ ಚಿತ್ರಗಳಿಗೆ 67ಬಿ ಮತ್ತು 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತವೆ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹರಡುವುದು 66ಇ ಪ್ರಕಾರ ಅಪರಾಧ. ಹಣ ಸಂಗ್ರಹಿಸಿ ಕೊಡುವ ಸಂಸ್ಥೆಗಳು ನಿಷೇಧಿತ ಸರಕು ಮಾರುವವರನ್ನು ಸೇರಿಸಿಕೊಳ್ಳದಂತೆ ವ್ಯಾಪಾರಿಗಳ ಪೂರ್ವಾಪರ ವಿಚಾರಿಸಬೇಕೆಂದು ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ವಿಧಿಸಿತು.

ಹಣದ ಜಾಡು ತನಿಖೆಗೂ ನೆರವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್, ಆನ್‌ಲೈನ್ ಬೆಟ್ಟಿಂಗಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಗ್ರಾಹಕರ ಗೋಪ್ಯತೆಯ ನೆಪದಲ್ಲಿ ಪಾವತಿ ಸಂಸ್ಥೆಯು ಪೊಲೀಸರಿಗೆ ಮಾಹಿತಿ ನಿರಾಕರಿಸುವಂತಿಲ್ಲ ಎಂದಿತು. ಸಂಸ್ಥೆ ಬೆಂಗಳೂರಿನ ಫೋನ್‌ಪೇ. ಚಿತ್ರ ಮಾರಿ ಗಳಿಸಿದವನನ್ನು ಹುಡುಕುವ ದಾರಿಯೂ ಇದೇ.

ಚಿತ್ರಕ್ಕೊಂದು ಬೆರಳಚ್ಚು

ಒಮ್ಮೆ ತೆಗೆದ ಚಿತ್ರ ಬೇರೆಡೆ ಮತ್ತೆ ಕಾಣಿಸಿಕೊಂಡರೆ? ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಒಂದು ಸರಳ ವಿಧಾನವನ್ನು ನೋಡೋಣ. ಚಿತ್ರವನ್ನು ಕಪ್ಪು-ಬಿಳುಪಾಗಿಸಿ ಸಾಲಿಗೆ 9ರಂತೆ 8 ಸಾಲು ಚೌಕಗಳಿಗೆ ಕುಗ್ಗಿಸಿ. ಪ್ರತಿ ಸಾಲಿನಲ್ಲಿ ಅಕ್ಕಪಕ್ಕದ ಚೌಕಗಳನ್ನು ಹೋಲಿಸಿ, ಎಡಗಡೆಯದು ಹೆಚ್ಚು ಬೆಳಕಾಗಿದ್ದರೆ 1, ಇಲ್ಲವಾದರೆ 0 ಬರೆಯಿರಿ. ಸಾಲಿಗೆ 8 ಹೋಲಿಕೆ. ಒಟ್ಟು 64 ಅಂಕಿಗಳ ಸರಣಿ. ಇದೇ ಚಿತ್ರದ 'ಬೆರಳಚ್ಚು'. ಚಿತ್ರದ ಗಾತ್ರವನ್ನೋ ಬಣ್ಣವನ್ನೋ ಸ್ವಲ್ಪ ಬದಲಿಸಿದರೂ ಈ ಸರಣಿಯಲ್ಲಿ ಬದಲಾಗುವುದು ಕೆಲವೇ ಅಂಕಿ. ಆದರೆ ಈ ಅಂಕಿಗಳಿಂದ ಮೂಲ ಚಿತ್ರವನ್ನು ಮರಳಿ ಪಡೆಯಲಾಗದು.

ಬಳಕೆಯಲ್ಲಿರುವ ವಿಧಾನಗಳು ಇದಕ್ಕಿಂತ ಜಟಿಲ, ತತ್ವ ಇದೇ. 2021ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ 'ಸ್ಟಾಪ್ ಎನ್‌ಸಿಐಐ' ಸೇವೆಯಲ್ಲಿ ಬಾಧಿತರ ಫೋನಿನಲ್ಲೇ ಬೆರಳಚ್ಚು ತಯಾರಾಗುತ್ತದೆ. ಹೊರಗೆ ಹೋಗುವುದು ಅಂಕಿಗಳು ಮಾತ್ರ, ಚಿತ್ರವಲ್ಲ. ಈ ಸೇವೆಗೆ ಸೇರಿದ ತಾಣಗಳು ಹೊಂದಿಕೆಯಾಗುವ ಚಿತ್ರವನ್ನು ತಡೆಯಬಹುದು.

ಮಿತಿಗಳು

ದಾಖಲೆಯೇ ಒಪ್ಪಿಗೆಯಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 22 ಯುವತಿಯರು ತಾಣವೊಂದರ ಮೇಲೆ ದಾವೆ ಹೂಡಿದ್ದರು. ಅವರಿಂದ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳಲಾಗಿತ್ತು; ಆದರೆ ವಿಡಿಯೋ ಅಂತರಜಾಲಕ್ಕೆ ಹೋಗುವುದಿಲ್ಲವೆಂದು ಸುಳ್ಳು ಹೇಳಲಾಗಿತ್ತು. 2020ರ ಜನವರಿಯಲ್ಲಿ ನ್ಯಾಯಾಲಯ ಅವರಿಗೆ 1.2 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ವಯಸ್ಸನ್ನು ಕಾಗದ ತೋರಿಸಬಲ್ಲದು, ವಂಚನೆಯನ್ನು ತೋರಿಸಲಾರದು.

ಇನ್ನೊಂದು ಮಿತಿಯೂ ಇದೆ. ಖಾಸಗಿ ಕಂಪನಿಗಳ ಒತ್ತಡಕ್ಕೆ ಕೋರ್ಟಿನ ವಿಚಾರಣೆಯಿಲ್ಲ. 2025ರ ಜುಲೈಯಲ್ಲಿ ಪಾವತಿ ಸಂಸ್ಥೆಗಳ ಒತ್ತಡದಿಂದ ಸ್ಟೀಮ್, ಇಚ್.ಐಓ ಎಂಬ ಆಟಗಳ ತಾಣಗಳು ಅನೇಕ ಆಟಗಳನ್ನು ಪಟ್ಟಿಯಿಂದ ತೆಗೆದವು. ಕಾನೂನಿಗೆ ವಿರುದ್ಧವಲ್ಲದವೂ ಅವುಗಳಲ್ಲಿದ್ದವು. ಕಾರ್ಡಿನ ದಾರಿ ಮುಚ್ಚಿದರೆ ಗೂಢನಾಣ್ಯಗಳ ದಾರಿ ಹಿಡಿಯುವವರೂ ಇದ್ದಾರೆ.

ಬಾಧಿತರು ಮಾಡಬೇಕಾದದ್ದು

ಚಿತ್ರವಿರುವ ಪುಟದ ವಿಳಾಸ, ದಿನಾಂಕ, ಹಣ ಕೇಳಿದ್ದರೆ ಯುಪಿಐ ಗುರುತು ಅಥವಾ ಖಾತೆ ಸಂಖ್ಯೆ, ಇವನ್ನು ಮೊದಲು ಉಳಿಸಿಕೊಳ್ಳಬೇಕು. ಬೆದರಿಸುವವನಿಗೆ ಹಣ ಕೊಡಬಾರದು. ಕೊಟ್ಟರೆ ಬೇಡಿಕೆ ಹೆಚ್ಚುವುದೇ ವಾಡಿಕೆ. ಕೊಟ್ಟಾಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ನಮ್ಮ ಜಿಲ್ಲೆಯವರಿಗೆ ಕಾರವಾರದಲ್ಲಿ ಸಿ.ಇ.ಎನ್. ಪೊಲೀಸ್ ಠಾಣೆಯಿದೆ. ಜಾಲತಾಣಕ್ಕೂ ದೂರು ಕೊಡಬೇಕು: ಇಂಥ ಚಿತ್ರ ತೆಗೆಯಲು 2021ರ ನಿಯಮಗಳು 24 ಗಂಟೆಯ ಗಡುವು ಹಾಕಿದವು, 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು ಇನ್ನೂ ಇಳಿಸಿತು. ತಾಣವು ಕಾರ್ಡ್ ಹಣ ಪಡೆಯುವಂಥದ್ದಾದರೆ ಕಾರ್ಡ್ ಜಾಲಕ್ಕೂ ಬರೆಯಬಹುದು.

ಆ ವಿದ್ಯಾರ್ಥಿನಿಯ ಚಿತ್ರಗಳು ಕೊನೆಗೆ ಆ ತಾಣದಿಂದ ಹೋದವು. ಆದರೆ ದೂರು ಕೊಡಲು ಅವಳು ಮೂರು ತಿಂಗಳು ತಡ ಮಾಡಿದ್ದಳು. ಮನೆಯಲ್ಲಿ ಏನೆನ್ನುತ್ತಾರೋ ಎಂಬ ಭಯವೇ ಕಾರಣ. ಯಂತ್ರಕ್ಕೂ ಬ್ಯಾಂಕಿಗೂ ನಿಯಮ ಬರೆಯಬಹುದು. ಆ ಮೂರು ತಿಂಗಳನ್ನು ಕಡಿಮೆ ಮಾಡುವ ಹೊಣೆ ಮಾತ್ರ ತಂದೆತಾಯಿಯರದು ಮತ್ತು ನಮ್ಮಂಥ ಶಿಕ್ಷಕರದು.